ಮೊದಲು ಮೇಲೆತ್ತೋಣ

ದೇವಣಗಾಂವ ಭೀಮಾ ಹೊಳೆಯ ದಂಡೆಯ ಊರು. ಹೊಳೆ ದಾಟಿದರೆ ಅಫಜಲಪುರ ಸೀಮೆ. ಇಲ್ಲಿಂದ ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳದ ತನಕ ಯಾವ ಊರಿಗೆ ಹೋದರೂ ಗುಳೆ ಹೋದವರ ಮನೆಗಳು ಸಿಗುತ್ತವೆ. ದುಡಿಯುವ ವಯಸ್ಸಿನವರು ಗೋವಾ, ಪುಣೆ, ಬೆಂಗಳೂರು ಹಿಡಿಯುತ್ತಾರೆ. ಕೆಲವರು ಕಬ್ಬು ಕಡಿಯಲು ಮಹಾರಾಷ್ಟ್ರದ ಕಡೆ ಹೋಗುತ್ತಾರೆ. ಸಾಲಿ ಕಲಿಯುವ ಮಕ್ಕಳು ಆಯಿ–ಮುತ್ಯಾರ ಹತ್ತಿರ ಉಳಿಯುತ್ತಾರೆ. ಕತ್ತಲಾದ ಮೇಲೆ ವಿಡಿಯೊ ಕರೆ ಬಂದಾಗಲೇ ಅವರಿಗೆ ಅವ್ವನ ಮುಖ ಕಾಣುವುದು, ‘ಉಂಡಿಯೇನಪಾ’ ಎಂಬ ಮಾತು ಕೇಳುವುದು.

ಆದ್ದರಿಂದ ‘ಮಕ್ಕಳ ಕೈಗೆ ಮೊಬೈಲ್ ಕೊಡಲೇಬೇಡಿ’ ಎಂಬ ಬುದ್ಧಿಮಾತು ನಮ್ಮ ಕಡೆ ನಡೆಯುವುದಿಲ್ಲ. ತಾಯಿಯೇ ಮೊಬೈಲಿನ ಆಚೆ ಕಡೆ ಇದ್ದಾಳೆ. ಅದನ್ನು ಕಸಿದುಕೊಂಡರೆ ತಾಯಿಯನ್ನೇ ಕಸಿದುಕೊಂಡಂತೆ. ಅಲ್ಲದೆ ಈ ವಸ್ತು ಮಕ್ಕಳ ಕೈಗೆ ಬಂದದ್ದು ಅವರ ಹಟದಿಂದಲ್ಲ, ನಮ್ಮ ಒತ್ತಾಯದಿಂದ. 2020ರಲ್ಲಿ ಕೊರೊನಾ ಬಂದು ಸಾಲಿ ಮುಚ್ಚಿದವು. ಚಂದನ ವಾಹಿನಿಯಲ್ಲಿ ಪಾಠ ಶುರುವಾಯಿತು, ಮೊಬೈಲಿಗೆ ಮನೆಗೆಲಸ ಬರತೊಡಗಿತು. ಗದಗ ಜಿಲ್ಲೆಯ ನರಗುಂದ ತಾಲ್ಲೂಕಿನಲ್ಲಿ ಒಬ್ಬ ತಾಯಿ ಮಕ್ಕಳು ಪಾಠ ನೋಡಲೆಂದು ತಾಳಿ ಅಡವಿಟ್ಟು ಟಿ.ವಿ. ತಂದ ಸುದ್ದಿಯನ್ನು ಆಗ ನಾವೆಲ್ಲ ಓದಿದೆವು. ಅಷ್ಟು ಆಸೆಯಿಂದ, ಅಷ್ಟು ಕಷ್ಟಪಟ್ಟು ಪರದೆಗಳನ್ನು ಮನೆಯೊಳಗೆ ಕರೆದುಕೊಂಡೆವು. ಸಾಲಿ ಮತ್ತೆ ತೆರೆದವು, ಮೊಬೈಲ್ ಮಾತ್ರ ಮಕ್ಕಳ ಕೈಯಲ್ಲೇ ಉಳಿಯಿತು. ಅದನ್ನು ಹೇಗೆ ಬಳಸಬೇಕೆಂದು ಮಕ್ಕಳಿಗೂ ಯಾರೂ ಕಲಿಸಲಿಲ್ಲ, ಆಯಿಗೂ ಕಲಿಸಲಿಲ್ಲ.

ಮೋಸ ಹೇಗೆ ಬರುತ್ತದೆಂದು ಹಿರಿಯರಿಗೆ ಗೊತ್ತಿರಬೇಕು. ಅದು ಹೆದರಿಸುತ್ತ ಬರುವುದಿಲ್ಲ, ಗೆಳೆತನದ ಮಾತಾಡುತ್ತ ಬರುತ್ತದೆ. ಹುಡುಗ ಫ್ರೀ ಫೈರ್‌ನಂಥ ಆಟ ಆಡುತ್ತಿರುತ್ತಾನೆ. ಆಡುವಾಗಲೇ ಗುರುತಿಲ್ಲದವರ ಜೊತೆ ಮಾತಾಡಬಹುದಾದ ಆಟ ಅದು. ಆಚೆಯವನು ಹೊಗಳುತ್ತಾನೆ, ಆಟದೊಳಗಿನ ‘ಡೈಮಂಡ್’ ಕೊಡಿಸುವ ಆಸೆ ತೋರಿಸುತ್ತಾನೆ. ಆಮೇಲೆ ವಾಟ್ಸ್ಆ್ಯಪ್ ನಂಬರ್ ಕೇಳುತ್ತಾನೆ. ‘ಇದು ನಮ್ಮಿಬ್ಬರ ನಡುವೆ ಇರಲಿ’ ಅನ್ನುತ್ತಾನೆ. ಹುಡುಗಿಯಾದರೆ ಇನ್‌ಸ್ಟಾಗ್ರಾಮಿನಲ್ಲಿ ಅವಳದೇ ವಯಸ್ಸಿನ ಹುಡುಗಿಯ ಹೆಸರು, ಫೋಟೊ ಇಟ್ಟುಕೊಂಡವರೇ ಬಂದು ಮಾತಿಗೆಳೆಯುತ್ತಾರೆ. ಒಂದು ಫೋಟೊ ಕೈಗೆ ಸಿಕ್ಕಿತೆಂದರೆ ದನಿ ಬದಲಾಗುತ್ತದೆ: ‘ಇನ್ನೊಂದು ಕಳಿಸು, ಇಲ್ಲದಿದ್ದರೆ ನಿಮ್ಮಪ್ಪನಿಗೆ ಕಳಿಸುತ್ತೇನೆ.’

ಅವನ ಬಲವೆಲ್ಲ ಈ ಕೊನೆಯ ಮಾತಿನಲ್ಲಿದೆ. ಮಗುವಿಗೆ ಅವನಿಗಿಂತ ಅಪ್ಪನ ಭಯವೇ ಹೆಚ್ಚು ಎಂಬುದನ್ನು ಅವನು ಬಲ್ಲ. ನನ್ನನ್ನು ಬಹಳ ಕಾಡುವುದು ಇದೇ. ನಮ್ಮ ಸಿಟ್ಟನ್ನೇ ಆಯುಧ ಮಾಡಿಕೊಂಡು ಆತ ನಮ್ಮ ಮಕ್ಕಳನ್ನು ಹಿಂಸಿಸುತ್ತಾನೆ. ಗಂಡುಹುಡುಗನಿಗೆ ಏಟು ಬೀಳುವ ಹೆದರಿಕೆ. ಹೆಣ್ಣುಹುಡುಗಿಯ ಹೆದರಿಕೆ ಅದಕ್ಕಿಂತ ದೊಡ್ಡದು: ಮನೆಯಲ್ಲಿ ತಿಳಿದರೆ ಮೊದಲು ಮೊಬೈಲ್ ಹೋಗುತ್ತದೆ, ಆಮೇಲೆ ಸಾಲಿ ಹೋಗುತ್ತದೆ, ಅದರ ಹಿಂದೆಯೇ ಗಂಡು ನೋಡುವ ಮಾತು ಬರುತ್ತದೆ. ಬಾಲ್ಯವಿವಾಹ ಇನ್ನೂ ಪೂರ್ತಿ ನಿಲ್ಲದ ನಾಡು ನಮ್ಮದು. ಅವಳ ಲೆಕ್ಕ ತಪ್ಪೆಂದು ಹೇಳಲು ನಮಗೆ ಬಾಯಿಲ್ಲ. ಹಾಗಾಗಿ ಅವಳು ಸುಮ್ಮನಾಗುತ್ತಾಳೆ. ಆ ಮೌನವೇ ಅವನಿಗೆ ಬೇಕಾಗಿತ್ತು.

ನಮ್ಮ ವಿಜಯಪುರ ಜಿಲ್ಲೆಯಲ್ಲಿ ನಡೆದದ್ದನ್ನೇ ನೆನೆಯೋಣ. 2024ರ ಏಪ್ರಿಲ್ 3ರಂದು ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಎಳೆಗೂಸೊಂದು ಹೊಸದಾಗಿ ಕೊರೆದ, ಬಾಯಿ ಮುಚ್ಚದ ಬೋರ್‌ವೆಲ್ಲಿಗೆ ಬಿದ್ದಿತು. ಪಕ್ಕದಲ್ಲಿ ಇನ್ನೊಂದು ಗುಂಡಿ ತೋಡಿ, ಬಂಡೆ ಒಡೆದು, ಸುಮಾರು 20 ಗಂಟೆ ಹೋರಾಡಿ ಕೂಸನ್ನು ಜೀವಂತ ಮೇಲೆತ್ತಿದರು. ಅದಕ್ಕೂ ಹತ್ತು ವರ್ಷ ಹಿಂದೆ, 2014ರಲ್ಲಿ, ನಾಗಠಾಣದಲ್ಲಿ ಬಿದ್ದ ಮಗು ನಮಗೆ ದಕ್ಕಿರಲಿಲ್ಲ. ಆ ನೋವು ಗೊತ್ತಿದ್ದ ಜಿಲ್ಲೆ ಲಚ್ಯಾಣದ ಕೂಸಿಗಾಗಿ ರಾತ್ರಿಯೆಲ್ಲ ಎಚ್ಚರವಿತ್ತು. ಕೂಸು ಒಳಗಿರುವಾಗ ‘ಅಲ್ಲಿಗೆ ಯಾಕೆ ಹೋದೆ’ ಎಂದು ಅದನ್ನು ಕೇಳುವವರು ಇರುತ್ತಾರೆಯೇ? ತೆರೆದ ಬಾಯಿ ಮುಚ್ಚುವುದು ದೊಡ್ಡವರ ಕೆಲಸವೆಂದು ಎಲ್ಲರೂ ಒಪ್ಪುತ್ತೇವೆ, ಬಿದ್ದ ಮಗುವನ್ನು ಮೊದಲು ಮೇಲೆತ್ತುತ್ತೇವೆ. ಮೊಬೈಲಿನ ಆಳಕ್ಕೆ ಬಿದ್ದ ಮಗುವಿಗೆ ಮಾತ್ರ ಅದೇ ನ್ಯಾಯ ಸಿಗುವುದಿಲ್ಲ. ಅದು ಇನ್ನೂ ಒಳಗಿರುವಾಗಲೇ ನಾವು ಬೈಯತೊಡಗುತ್ತೇವೆ.

ಮೇಲೆತ್ತಲು ಹಗ್ಗಗಳಿವೆ, ನಮ್ಮ ಹಳ್ಳಿಗಳಿಗೆ ಅವುಗಳ ಸುದ್ದಿ ಇನ್ನೂ ಸರಿಯಾಗಿ ಮುಟ್ಟಿಲ್ಲ. ಮಗು ಹೇಳಿಕೊಂಡ ಕೂಡಲೇ ಬೆದರಿಸಿದವನಿಗೆ ಹಣ ಕಳಿಸಬಾರದು, ಇನ್ನೊಂದು ಫೋಟೊವನ್ನೂ ಕಳಿಸಬಾರದು. ಅವನು ಕಳಿಸಿದ ಸಂದೇಶಗಳನ್ನು ಅಳಿಸದೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು, ಆಮೇಲೆ ಬ್ಲಾಕ್ ಮಾಡಬೇಕು. ಹಣ ಹೋಗಿದ್ದರೆ ಸೈಬರ್ ಸಹಾಯವಾಣಿ 1930ಕ್ಕೆ ತಕ್ಷಣ ಕರೆ ಮಾಡಬೇಕು. ಮಕ್ಕಳ ಸಹಾಯವಾಣಿ 1098. ವಿಜಯಪುರದಲ್ಲಿ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಸಿಇಎನ್ ಪೊಲೀಸ್ ಠಾಣೆ ಇದೆ. ಫೋಟೊ ಹರಡುವ ಭಯವಿದ್ದರೆ ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆಯಿದೆ. ಅದು ಫೋಟೊವನ್ನು ಪಡೆಯುವುದಿಲ್ಲ. ಫೋಟೊ ನಮ್ಮ ಮೊಬೈಲಿನಲ್ಲೇ ಉಳಿದು, ಅದರಿಂದ ತಯಾರಾದ ಒಂದು ಗುರುತಿನ ಸಂಖ್ಯೆ ಮಾತ್ರ ಹೋಗುತ್ತದೆ. ಸೇವೆಯಲ್ಲಿ ಸೇರಿಕೊಂಡಿರುವ ಜಾಲತಾಣಗಳು ಆ ಸಂಖ್ಯೆ ನೋಡಿ ಫೋಟೊ ಹುಡುಕಿ ತೆಗೆಯುತ್ತವೆ.

ಠಾಣೆ ಎಂದೊಡನೆ ‘ಮರ್ಯಾದಿ ಹೋಗತೈತಿ’ ಎಂದು ಹಿಂಜರಿಯುವ ತಂದೆತಾಯಿಗೆ 2012ರ ಪೋಕ್ಸೊ ಕಾಯ್ದೆಯಲ್ಲಿ ಉತ್ತರವಿದೆ. ಮಗುವಿನ ಹೆಸರು, ಮನೆ, ಸಾಲಿಯ ಗುರುತನ್ನು ಪತ್ರಿಕೆ, ವಾಹಿನಿಗಳು ಹೊರಗೆಡಹುವಂತಿಲ್ಲ. ಹೇಳಿಕೆಯನ್ನು ಮನೆಯಲ್ಲಿ ಅಥವಾ ಮಗು ಬಯಸಿದ ಕಡೆ ಪಡೆಯಬೇಕು, ಆದಷ್ಟು ಮಟ್ಟಿಗೆ ಮಹಿಳಾ ಅಧಿಕಾರಿಯೇ ಪಡೆಯಬೇಕು, ಆಗ ಅವರು ಸಮವಸ್ತ್ರದಲ್ಲಿ ಇರಬಾರದು. ಮಗುವನ್ನು ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಕಾನೂನು ಬರೆದವರು ಮಗುವಿನ ಅಂಜಿಕೆಯನ್ನು ಇಷ್ಟು ಯೋಚಿಸಿದ್ದಾರೆ, ಮನೆಯವರಾದ ನಾವು ಅಷ್ಟಾದರೂ ಯೋಚಿಸಬೇಕು.

ಬೀಳುವ ಮೊದಲೇ ಬಾಯಿ ಮುಚ್ಚುವುದಕ್ಕೆ ಇಂಗ್ಲಿಷ್ ಬೇಕಿಲ್ಲ. ಅಕ್ಷರ ಬಾರದ ಆಯಿಯೂ ಚಾರ್ಜರನ್ನು ಪಡಸಾಲಿಯಲ್ಲಿ ಇಡಿಸಬಲ್ಲಳು. ರಾತ್ರಿ ಮೊಬೈಲ್ ಅಲ್ಲೇ ಮಲಗಲಿ, ಹೊದಿಕೆಯೊಳಗೆ ಬೇಡ. ಫೋನ್‌ಪೇ ಪಿನ್ ಮಕ್ಕಳಿಗೆ ಹೇಳುವುದು ಬೇಡ. ಖಾತೆ ತೆರೆಯುವಾಗ ಹುಟ್ಟಿದ ವರ್ಷ ಸುಳ್ಳು ಬರೆಸಬಾರದು. ಇನ್‌ಸ್ಟಾಗ್ರಾಮಿನಲ್ಲಿ ಹದಿಹರೆಯದವರ ಖಾತೆಗೆ ಈಗ ಕೆಲವು ಕಾವಲುಗಳಿವೆ. ವಯಸ್ಸು ಸುಳ್ಳಾದರೆ ಆ ಕಾವಲು ಕೆಲಸ ಮಾಡದು. ಸಮವಸ್ತ್ರ ತೊಟ್ಟ ಮಗುವಿನ ಫೋಟೊವನ್ನು ಸಾಲಿಯ ಹೆಸರಿನ ಜೊತೆ ಸ್ಟೇಟಸ್ಸಿಗೆ ಹಾಕುವ ಹಿರಿಯರೂ ಒಮ್ಮೆ ಯೋಚಿಸಬೇಕು.

ಗೋವಾದಲ್ಲಿ ದುಡಿಯುವ ತಂದೆಗೂ ದೂರದಿಂದ ಮಾಡುವ ಕೆಲಸವಿದೆ. ಕರೆಯಲ್ಲಿ ಊಟ, ಅಭ್ಯಾಸ ಕೇಳಿದ ಮೇಲೆ ‘ಇವತ್ತ ಯಾರ ಜೋಡಿ ಆಡಿದಿ? ಏನ್ ನೋಡಿದಿ? ನಂಗೂ ಹೇಳು’ ಎಂದು ಕೇಳಬಹುದು. ದಿನಾ ಕೇಳಿದರೆ ಅದು ವಿಚಾರಣೆ ಅನ್ನಿಸುವುದಿಲ್ಲ, ಮಾತಿನ ರೂಢಿಯಾಗುತ್ತದೆ. ಸಣ್ಣದನ್ನು ಹೇಳಿ ರೂಢಿಯಾದ ಮಗು ದೊಡ್ಡದನ್ನೂ ಹೇಳುತ್ತದೆ.

ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಸಾಲಿಗೆ ಕಾಂಪೌಂಡ್ ಬೇಕು, ಕುಡಿಯುವ ನೀರು ಬೇಕು ಎಂದು ಮಕ್ಕಳು ಅಲ್ಲಿ ಕೇಳುತ್ತಾರೆ. ಮೊಬೈಲಿನಲ್ಲಿ ತಮಗೆ ಏನಾಗುತ್ತಿದೆ ಎಂಬುದನ್ನೂ ಅಲ್ಲಿ ಹೇಳಲಿ, ದೊಡ್ಡವರು ನಡುವೆ ಬಾಯಿ ಹಾಕದೆ ಕೇಳಲಿ. 1098 ಮತ್ತು 1930 ಎಂಬ ಎರಡು ಸಂಖ್ಯೆಗಳನ್ನು ಸಾಲಿಯ ಗೋಡೆಯ ಮೇಲೆ ದೊಡ್ಡದಾಗಿ ಬರೆಸಲಿ.

ಪಂಚಾಯಿತಿಯ ಸಭೆಗೆ ಕಾಯದೆ, ಹೆತ್ತವರು ಈ ರಾತ್ರಿಯೇ ಆಡಬಹುದಾದ ಮಾತು ಒಂದಿದೆ. ಹತ್ತಿರ ಇದ್ದವರು ಎದುರಿಗೆ ಕೂತು ಹೇಳಲಿ, ದೂರ ಇದ್ದವರು ಕರೆ ಮಾಡಿ ಹೇಳಲಿ: ‘ತಪ್ಪು ಯಾರದೇ ಇರಲಿ, ಏನಾದ್ರೂ ಆದ್ರ ಮೊದಲು ನಮಗ ಹೇಳು. ಹೊಡೆಯೂದಿಲ್ಲ, ಸಾಲಿ ಬಿಡಸೂದಿಲ್ಲ.’ ಹೇಳಿದಂತೆ ನಡೆದುಕೊಂಡರೆ, ‘ನಿಮ್ಮಪ್ಪನಿಗೆ ಕಳಿಸುತ್ತೇನೆ’ ಎಂಬ ಬೆದರಿಕೆಗೆ ನಮ್ಮ ಮಕ್ಕಳು ಧೈರ್ಯದಿಂದ ಉತ್ತರಿಸಬಲ್ಲರು: ‘ಕಳಿಸು. ನಮ್ಮಪ್ಪಗ ನಾನs ಹೇಳೀನಿ.’