ಕಾಯಲಾರದ ಎಲೆ

ಮೈಸೂರು ಸೀಮೆಯವನು ಚಹದ ವಿಷಯ ಬರೆಯಹೊರಟರೆ ಮೊದಲು ಹುಬ್ಬೇರಿಸುವವರು ಮನೆಯವರೇ. ನಮ್ಮ ಕಡೆ ಕಾಫಿಯೆಂದರೆ ಕುಲದೈವ. ಚಹವಾದರೋ ರೈಲು ಪ್ರಯಾಣದಲ್ಲಿ ಬೇರೆ ಗತಿಯಿಲ್ಲದಾಗ ನೆನೆಯುವ ದಾರಿಬದಿಯ ದೇವತೆ. ಆದರೆ ಹರಿಹರದಲ್ಲಿ ತುಂಗಭದ್ರೆಯನ್ನು ದಾಟಿದಿರೋ, ಪೂಜೆಯ ಕ್ರಮ ಮೆಲ್ಲಗೆ ತಲೆಕೆಳಗಾಗತೊಡಗುತ್ತದೆ. ಧಾರವಾಡದಲ್ಲಿ ನಾನು ಎರಡು ವರ್ಷ ಪಾಠ ಹೇಳಿದೆ. ಅಲ್ಲಿ ಬಂದವರಿಗೆ ಚಹ ಕೊಡುವುದು ಉಪಚಾರವಲ್ಲ. ಬಾಗಿಲು ತೆರೆದಷ್ಟೇ ಸಹಜವಾದ ಕ್ರಿಯೆ. ಆ ಎರಡು ವರ್ಷಗಳಲ್ಲಿ ನನ್ನ ಮತಾಂತರ ಸದ್ದಿಲ್ಲದೆ ನಡೆದುಹೋಯಿತು. ಈಗ ನಮ್ಮ ಮನೆಯಲ್ಲಿ ಬೆಳಿಗ್ಗೆ ಎರಡು ಒಲೆ ಉರಿಯುತ್ತವೆ: ಒಂದರ ಮೇಲೆ ನನ್ನಾಕೆಯ ಕಾಫಿಗೆ ಹಾಲು, ಇನ್ನೊಂದರ ಮೇಲೆ ನನ್ನ ಚಹಕ್ಕೆ ನೀರು. ಸರ್ವಧರ್ಮ ಸಮನ್ವಯವೆಂದರೆ ಇದೇ ಇರಬೇಕು.

ಕನ್ನಡದ ಮೇಷ್ಟರಾದ್ದರಿಂದ ಪದಾರ್ಥಕ್ಕಿಂತ ಮೊದಲು ನನ್ನನ್ನು ಹಿಡಿದದ್ದು ಪದ. ಚೀನೀಯರು ಬರೆಯುವ ಲಿಪಿಚಿಹ್ನೆ ಒಂದೇ. ಉಚ್ಚಾರಣೆ ಮಾತ್ರ ಸೀಮೆಗೊಂದು. ಆ ದೇಶದ ಬಹುಭಾಗದಲ್ಲಿ ಅದು 'ಚಾ'. ಫೂಜಿಯಾನ್ ಕರಾವಳಿಯ ಆಡುಮಾತಿನಲ್ಲಿ 'ತೆ'. ಮಕಾವಿನಲ್ಲಿ ನೆಲೆಯೂರಿದ್ದ ಪೋರ್ಚುಗೀಸರು ಮೊದಲನೆಯದನ್ನು ಕಲಿತರು. ಫೂಜಿಯಾನಿನ ವರ್ತಕರೊಡನೆ ವ್ಯವಹರಿಸಿದ ಡಚ್ಚರು ಎರಡನೆಯದನ್ನು ಯೂರೋಪಿಗೆ ಒಯ್ದರು. ಅದೇ ಇಂಗ್ಲಿಷರ ಬಾಯಲ್ಲಿ 'ಟೀ' ಆಯಿತು. ಉದಾರಿಯಾದ ನಮ್ಮ ಭಾಷೆ ಎರಡನ್ನೂ ಒಳಗೆ ಬಿಟ್ಟುಕೊಂಡಿದೆ. ಬೆಂಗಳೂರಿನವನು ಟೀ ಕುಡಿಯುತ್ತಾನೆ, ಬೆಳಗಾವಿಯವನು ಚಹ ಕುಡಿಯುತ್ತಾನೆ. ಬಟ್ಟಲಲ್ಲಿರುವುದು ಮಾತ್ರ ಒಂದೇ.

ಗಿಡವೂ ಒಂದೇ. ಅಂಗಡಿಯಲ್ಲಿ ಹಸಿರು ಚಹ, ಕಪ್ಪು ಚಹ ಎಂದು ಬೇರೆ ಬೇರೆ ಡಬ್ಬಿಗಳಿದ್ದರೂ ಎಲ್ಲಕ್ಕೂ ತಾಯಿ ಕ್ಯಾಮೆಲಿಯಾ ಸೈನೆನ್ಸಿಸ್ ಎಂಬ ಸಸ್ಯ. ಕಿತ್ತ ಎಲೆಗೆ ಬೇಗನೆ ಶಾಖ ಕೊಟ್ಟರೆ ಹಸಿರು ಉಳಿಯುತ್ತದೆ. ಬಾಡಿಸಿ, ಹೊಸೆದು, ಗಾಳಿಯೊಡನೆ ಕೂಡಲು ಬಿಟ್ಟು ಅನಂತರ ಒಣಗಿಸಿದರೆ ಕಪ್ಪಾಗುತ್ತದೆ. ಸಣ್ಣೆಲೆಯ ಬಗೆ ಚೀನಾದ್ದು. ಅಗಲವಾದ ಎಲೆಯದು ನಮ್ಮ ಅಸ್ಸಾಮಿನದು. 1823ರಲ್ಲಿ ರಾಬರ್ಟ್ ಬ್ರೂಸ್ ಎಂಬ ಸ್ಕಾಟ್ಲೆಂಡ್ ಕಡೆಯ ವ್ಯಾಪಾರಿಗೆ ಅಸ್ಸಾಮಿನ ಗಿಡದ ಸುಳಿವು ಸಿಕ್ಕಿತೆಂದು ಪುಸ್ತಕಗಳು ಹೇಳುತ್ತವೆ. ತೋರಿಸಿದವರು ಸಿಂಗ್ಫೋ ಜನ. ಅವರು ಬಹುಕಾಲದಿಂದ ಆ ಎಲೆಯನ್ನು ಬಿದಿರಿನ ಕೊಳವೆಯಲ್ಲಿ ತುಂಬಿ, ಹೊಗೆಯಲ್ಲಿ ಒಣಗಿಸಿ ಕುಡಿಯುತ್ತಿದ್ದರು. 1839ರಲ್ಲಿ ಅಸ್ಸಾಮಿನ ಚಹ ಲಂಡನ್ನಿನಲ್ಲಿ ಹರಾಜಾಯಿತು. ಕಂಡುಹಿಡಿದವರು ಯಾರೆಂಬುದು ಬರೆದಿಡುವವರ ಕೈಯಲ್ಲಿರುವ ಮಾತು.

ಕೆಲವು ವರ್ಷಗಳ ಹಿಂದೆ ಮಿತ್ರರೊಬ್ಬರ ಜೊತೆ ನೀಲಗಿರಿಯ ಕೋಟಗಿರಿ ಕಡೆಯ ಅವರ ಹಟ್ಟಿಯಲ್ಲಿ ನಾಲ್ಕು ದಿನ ಇದ್ದೆ. ಅವರು ಬಡಗರು. ಬಡಗ ಎಂದರೆ ಉತ್ತರ. ಮೈಸೂರಿನ ಬಯಲಿನಿಂದ ಬೆಟ್ಟ ಹತ್ತಿ ಬಂದವರು ತಾವೆಂದು ಅವರಲ್ಲಿ ನಂಬಿಕೆ. ಮಿತ್ರರ ತಾಯಿಗೆ ಎಪ್ಪತ್ತರ ಮೇಲೆ ವಯಸ್ಸು. ಆಕೆಯ ಮಾತು ನನಗೆ ಮುಕ್ಕಾಲು ಪಾಲು ತಿಳಿಯಿತು. ಉಳಿದ ಕಾಲು ಪಾಲೂ ನೆಂಟರ ಮನೆಯದೇ ಅನ್ನಿಸಿತು.

ಅವರದು ಎರಡು ಎಕರೆಯ ಇಳಿಜಾರು. ತಾನಾಗಿ ಬೆಳೆಯಬಿಟ್ಟರೆ ಚಹ ಪೊದೆಯಲ್ಲ, ಮರ. ನಾಲ್ಕೈದು ವರ್ಷಕ್ಕೊಮ್ಮೆ ಸವರಿ, ನಡುವೆ ಎರಡು ವಾರಕ್ಕೊಮ್ಮೆ ಚಿಗುರು ಕೀಳುತ್ತ ಅದನ್ನು ಸೊಂಟದೆತ್ತರಕ್ಕೆ ನಿಲ್ಲಿಸಿರುತ್ತಾರೆ. ಬೇಕಾದದ್ದು ಎರಡು ಎಲೆ, ಒಂದು ಕುಡಿ. ಹೀಗೆ ಆಯ್ದ ನಾಲ್ಕೈದು ಕಿಲೋ ಹಸಿ ಎಲೆ ಒಂದು ಕಿಲೋ ಪುಡಿಯಾಗುತ್ತದೆ.

ಕಿತ್ತ ಎಲೆಯನ್ನು ಕಾರ್ಖಾನೆಯ ಗಾಡಿ ಮಧ್ಯಾಹ್ನದ ಮೇಲೆ ಬಂದು ಒಯ್ಯಬೇಕು. ನಾನಿದ್ದ ಮೂರನೆಯ ದಿನ ಅದು ಬರಲಿಲ್ಲ. ಕತ್ತಲಾಯಿತು. ಮುದುಕಿ ಜಗಲಿಯಲ್ಲಿಟ್ಟಿದ್ದ ಚೀಲಗಳ ಬಾಯಿ ಬಿಚ್ಚಿ, ಒಳಗೆ ಮೊಳಕೈವರೆಗೂ ಕೈ ತೂರಿಸಿ ನೋಡಿದಳು. ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವ ರೀತಿ. ನನ್ನ ಕೈಯನ್ನೂ ಹಿಡಿದು ಒಳಗಿಡಿಸಿದಳು. ಎಲೆ ಬಿಸಿಯಾಗಿತ್ತು! ಅದುಮಿ ತುಂಬಿದ ಹಸಿ ಎಲೆ ತನ್ನ ಕಾವಿನಲ್ಲೇ ಬೆಂದು ಕೆಂಪಾಗುತ್ತದೆ. ತಾಯಿ ಮಗ ಚೀಲಗಳನ್ನು ಸುರುವಿ, ನಡುಮನೆಯ ಉದ್ದಕ್ಕೂ ಎಲೆ ಹರಡಿದರು. ರಾತ್ರಿಯೆಲ್ಲ ಆಕೆ ಎದ್ದೆದ್ದು ಕೈಯಾಡಿಸುತ್ತಿದ್ದಳು. ಬೆಳಿಗ್ಗೆ ಬಂದ ಗಾಡಿಯವನು ಒಂದು ಹಿಡಿ ಎತ್ತಿ ನೋಡಿ, ತೂಕದಲ್ಲಿ ಇಷ್ಟು ಮುರಿದು ಬರೆದುಕೊಂಡ. ಯಾರೂ ಜಗಳವಾಡಲಿಲ್ಲ. ಜಗಳವಾಡಲು ಹೊತ್ತು ಬೇಕು, ಎಲೆಗೆ ಹೊತ್ತಿಲ್ಲ.

ಆಕೆ ಹುಡುಗಿಯಾಗಿದ್ದಾಗ ಅದೇ ಇಳಿಜಾರಿನಲ್ಲಿ ರಾಗಿ, ಸಾಮೆ ಬೆಳೆಯುತ್ತಿದ್ದರಂತೆ. ಆಮೇಲೆ ಆಲೂಗೆಡ್ಡೆ ಬಂತು, ಆಮೇಲೆ ಚಹ. ಚಹ ಕಾಸು ತಂದಿತು, ಮಗನನ್ನು ಓದಿಸಿತು. ಅದನ್ನು ಆಕೆ ಮರೆತಿಲ್ಲ. ಆದರೆ 1990ರ ದಶಕದ ಕೊನೆಗೆ ಬೆಲೆ ಕುಸಿದಾಗ ನೀಲಗಿರಿಯ ಸಣ್ಣ ಬೆಳೆಗಾರರಿಗೆ ಇನ್ನೊಂದು ಸತ್ಯ ತಿಳಿಯಿತು. ರಾಗಿಯವನು ಬೆಲೆ ಸಾಲದಿದ್ದರೆ ಹಗೇವಿನ ಬಾಯಿ ಮುಚ್ಚಿ ವರ್ಷಗಟ್ಟಲೆ ಕೂತಿರಬಲ್ಲ. ಕಡೆಗೆ ಮುದ್ದೆ ಮಾಡಿ ಉಣ್ಣಬಲ್ಲ. ಚಹದವನು ಒಂದು ರಾತ್ರಿ ಕಾಯಲಾರ, ಒಂದು ಹಿಡಿ ತಿನ್ನಲಾರ. ಹಸಿ ಎಲೆಯ ಬೆಲೆ, ಕೂನೂರಿನ ಹರಾಜಿನಲ್ಲಿ ಪುಡಿ ಕಂಡ ಬೆಲೆಯ ಬೆನ್ನು ಹಿಡಿದು ನಡೆಯುತ್ತದೆ. 1951ರ ತೋಟ ಕಾರ್ಮಿಕರ ಕಾಯಿದೆ ದೊಡ್ಡ ತೋಟಗಳ ಕೂಲಿಗಳಿಗೆ ಮನೆ, ಮದ್ದು, ಕೂಸುಗಳಿಗೆ ತಾಣ ಒದಗಿಸಬೇಕೆಂದು ವಿಧಿಸಿತು. ಈಕೆ ತಾನೇ ಒಡತಿ, ತಾನೇ ಕೂಲಿ. ಯಾವ ವಿಧಿಯ ನೆರಳೂ ಈಕೆಯ ಎರಡೆಕರೆಗೆ ಬೀಳಲಿಲ್ಲ. ಅವರ ಮನೆಯಲ್ಲಿ ನಾನು ಕುಡಿದ ಚಹದ ಪುಡಿಯಂತೂ ಪೇಟೆಯ ಅಂಗಡಿಯಿಂದ ತಂದ ಪೊಟ್ಟಣದ್ದು.

ಮಾತು ಬೆಳೆಸಲು, ಬೇಸರ ಕಳೆಯಲು, ಹೊರಟು ನಿಂತವರನ್ನು ಇನ್ನೊಂದು ಗಳಿಗೆ ಕೂರಿಸಿಕೊಳ್ಳಲು ನಮಗೆ ಚಹ ಬೇಕು. ಲೋಕದಲ್ಲಿ ಇಷ್ಟು ಜನರಿಗೆ ಬಿಡುವನ್ನು ಕೊಟ್ಟ ಎಲೆ ಬೇರೊಂದಿರಲಾರದು. ಅದನ್ನು ಬೆಳೆದವಳಿಗೆ ಮಾತ್ರ ಅದು ಒಂದು ರಾತ್ರಿಯ ಬಿಡುವನ್ನೂ ಕೊಡಲಿಲ್ಲ. 'ತಾಳಿ, ಚಹ ಕುಡಿದು ಹೋಗಿ' ಎಂದು ಯಾರಾದರೂ ಕೈಹಿಡಿದು ಕೂರಿಸಿದಾಗ ನಾನು ಈಗಲೂ ಸಂತೋಷದಿಂದಲೇ ಕೂರುತ್ತೇನೆ. ಕೂತವನ ಅಂಗೈಗೆ ಬಟ್ಟಲ ಬಿಸಿ ತಾಕಿದಾಗ, ಚೀಲದೊಳಗಿನ ಆ ಬಿಸಿ ನೆನಪಾಗುತ್ತದೆ.