ಹಾಡುವವರಿಗೊಂದು ಹಜಾರ

ವೈಟ್‌ಫೀಲ್ಡಿನಲ್ಲಿ ಸಂಗೀತಕ್ಕೆ ಬರವಿದೆ ಎಂದು ನಾನು ಹೇಳಿದರೆ ಇಲ್ಲಿನ ತರುಣರು ನಗಬಹುದು. ಶನಿವಾರ ಸಂಜೆ ಐ.ಟಿ.ಪಿ.ಎಲ್. ಕಡೆಯ ರಸ್ತೆಯಲ್ಲಿ ಒಂದಿಷ್ಟು ನಡೆದರೆ ಸಾಕು, ಗಿಟಾರಿನ ದನಿ, ಡ್ರಮ್ಮಿನ ಏಟು ಕಿವಿಗೆ ಬಿದ್ದೇ ಬೀಳುತ್ತವೆ. ಆದರೆ ಅವು ಕೇಳಿಬರುವುದು ಊಟ-ಪಾನಗಳ ಮಳಿಗೆಗಳಿಂದ. ಒಳಗೆ ಕೂರಬೇಕಾದರೆ ಏನನ್ನಾದರೂ ತರಿಸಿಕೊಳ್ಳಲೇಬೇಕು. ಅದರ ಬಿಲ್ಲು ಒಬ್ಬ ವಿದ್ಯಾರ್ಥಿಯ ವಾರದ ಕೈಖರ್ಚನ್ನು ಮೀರುತ್ತದೆ. ಹಾಡುವವನಿಗೆ ಬೆನ್ನು ಮಾಡಿ ಹರಟುತ್ತ ಕುಳಿತವರೇ ಅಲ್ಲಿ ಹೆಚ್ಚು. (ಮಗನ ಒತ್ತಾಯಕ್ಕೆ ಒಮ್ಮೆ ಹೋಗಿ ಕಣ್ಣಾರೆ ನೋಡಿ ಬಂದಿದ್ದೇನೆ, ಯಾರೋ ಹೇಳಿದ ಮಾತಲ್ಲ.)

ಇದು ಒಂದು ತುದಿ. ಇನ್ನೊಂದು ತುದಿಯಲ್ಲಿ ಮೈದಾನದ ಮಹಾಕಛೇರಿಗಳಿವೆ. 2025ರ ಫೆಬ್ರವರಿಯಲ್ಲಿ ಎಡ್ ಶೀರನ್ ಎಂಬ ಇಂಗ್ಲೆಂಡಿನ ಗಾಯಕ, ಪೀಣ್ಯ ದಾಟಿದ ಮೇಲೆ ತುಮಕೂರು ರಸ್ತೆಯ ಬದಿಗೆ ಸಿಗುವ ನೈಸ್ ಮೈದಾನದಲ್ಲಿ ಎರಡು ದಿನ ಹಾಡಿದರು. ಟಿಕೆಟಿನ ಬೆಲೆ ಸಾವಿರಗಳ ಲೆಕ್ಕದಲ್ಲಿತ್ತು. ಅದೇ ಗಾಯಕರು ಚರ್ಚ್ ಸ್ಟ್ರೀಟಿನ ಕಾಲುದಾರಿಯಲ್ಲಿ ನಿಂತು ಹಾಡತೊಡಗಿದಾಗ ಪೊಲೀಸರು ಅನುಮತಿಯಿಲ್ಲವೆಂದು ತಂತಿ ಕಿತ್ತರು. ತಮಗೆ ಅನುಮತಿಯಿತ್ತೆಂದು ಅವರು ಹೇಳಿದರು. ಸರಿ ಯಾವುದು, ತಪ್ಪು ಯಾವುದು ಎಂಬ ವಿಚಾರ ನನಗೆ ಬೇಡ. ಅಷ್ಟು ದೊಡ್ಡವರಿಗೇ ಹೀಗಾದರೆ ನಮ್ಮ ಪಿ.ಜಿ. ಹುಡುಗ ಕೊಳಲು ಹಿಡಿದು ಎಲ್ಲಿ ಕೂತಾನು ಎಂಬುದಷ್ಟೇ ನನ್ನ ಚಿಂತೆ.

ಈ ಎರಡು ತುದಿಗಳ ನಡುವೆ ಇರಬೇಕಾದದ್ದು ಇಲ್ಲಿ ಸಿಗುತ್ತಿಲ್ಲ. ನಾನು ಕೇಳುತ್ತಿರುವುದು ಚೌಡಯ್ಯ ಸ್ಮಾರಕ ಭವನದಂಥದ್ದನ್ನಲ್ಲ. ನಲವತ್ತು ಜನ ಚಾಪೆಯ ಮೇಲೆ ಕೂರಬಹುದಾದ, ನಡೆದು ಹೋಗುವಷ್ಟು ಹತ್ತಿರದ, ಶ್ರುತಿ ತಪ್ಪಿದರೂ ಯಾರೂ ಎದ್ದು ಹೋಗದ ಒಂದು ಹಜಾರ.

ಈ ಊರು ನನಗೆ ಪರಕೀಯವಲ್ಲ. 1978ರಲ್ಲಿ ಮೇಷ್ಟ್ರಾಗಿ ಕಾಡುಗೋಡಿಗೆ ಬಂದೆ. 1882ರಲ್ಲಿ ಮೈಸೂರು ಮಹಾರಾಜರು ಆಂಗ್ಲೋ-ಇಂಡಿಯನ್ನರಿಗೆ ನೆಲ ಕೊಟ್ಟದ್ದರಿಂದ ಹುಟ್ಟಿದ ವೈಟ್‌ಫೀಲ್ಡು ಆಗಿನ್ನೂ ಹೆಂಚಿನ ಮನೆಗಳ, ಮಾವಿನ ಮರಗಳ ಊರಾಗಿತ್ತು. ಬೃಂದಾವನದ ಕಾಲೇಜಿನ ಬಿಳಿ ಉಡುಪಿನ ಹುಡುಗರು ಸಾಲಾಗಿ ನಡೆದು ಹೋಗುತ್ತಿದ್ದರು. 1982ರಲ್ಲಿ ಚನ್ನಸಂದ್ರದಲ್ಲಿ ಎಂಜಿನಿಯರಿಂಗ್ ಕಾಲೇಜು ಬಂತು. ಆಮೇಲೆ ಇನ್ನೂ ಹಲವು. 1998ರಲ್ಲಿ ಐ.ಟಿ.ಪಿ.ಎಲ್. ಬಾಗಿಲು ತೆರೆದ ಮೇಲೆ ಓದಲು ಬಂದವರು ಇಲ್ಲಿಯೇ ಕೆಲಸಕ್ಕೂ ನಿಂತರು. ಕಾಲೇಜಿನ ಊರೆಂಬ ನನ್ನ ಮಮತೆ ಮಾತ್ರ ಹಾಗೆಯೇ ಉಳಿದಿದೆ.

ಆಗ ಸಂಗೀತವಿತ್ತೇ ಎಂದು ಕೇಳುವಿರಿ. ಇತ್ತು, ಆದರೆ ಅದಕ್ಕೆ ಸಂಗೀತವೆಂಬ ಹೆಸರಿರಲಿಲ್ಲ. ಸುಗ್ಗಿ ಮುಗಿಯುತ್ತಿದ್ದಂತೆ ಸುತ್ತಲಿನ ಹಳ್ಳಿಗಳಲ್ಲಿ ಪೌರಾಣಿಕ ನಾಟಕದ ತಾಲೀಮು ಶುರುವಾಗುತ್ತಿತ್ತು. ಹಾರ್ಮೋನಿಯಂ ಮೇಷ್ಟ್ರು ಎಲ್ಲಿಂದಲೋ ಬಂದು ತಿಂಗಳುಗಟ್ಟಲೆ ಇರುತ್ತಿದ್ದರು. ಪಾತ್ರಕ್ಕೆ ಇಷ್ಟು ಎಂದು ಹಣ ಕೊಟ್ಟು ವೇಷ ಹಾಕುವ ಪದ್ಧತಿ. ‘ಕುರುಕ್ಷೇತ್ರ’ದಲ್ಲಿ ದುರ್ಯೋಧನನಿಗೂ ಕೃಷ್ಣನಿಗೂ ಹೆಚ್ಚು, ದೂತನಿಗೆ ಕಡಿಮೆ. ಹಗಲೆಲ್ಲ ರಾಗಿ ಹೊಲದಲ್ಲೋ ಕಾರ್ಖಾನೆಯಲ್ಲೋ ದುಡಿದವರು ರಾತ್ರಿ ರಾಮಮಂದಿರದ ಜಗಲಿಯಲ್ಲಿ ಕಂದಪದ್ಯಗಳನ್ನು ರಾಗವಾಗಿ ಎತ್ತುತ್ತಿದ್ದರು. ಮನೆಯಲ್ಲಿ ನನ್ನ ನಿದ್ದೆ ಕೆಡುತ್ತಿತ್ತು, ನಿಜ. ಮರುದಿನ ತರಗತಿಯಲ್ಲಿ ತೂಕಡಿಸುವ ಹುಡುಗರನ್ನು ಗದರಿಸುವುದು ನನ್ನ ಪಾಲಿಗೆ ಬರುತ್ತಿತ್ತು. (ಅವರಲ್ಲಿ ಇಬ್ಬರು ಇದನ್ನು ಓದುತ್ತಾರೆಂದು ಬಲ್ಲೆ!) ಆ ಜಗಲಿ ಯಾರದೂ ಆಗಿರಲಿಲ್ಲವಾದ್ದರಿಂದ ಎಲ್ಲರದೂ ಆಗಿತ್ತು. ಈಗ ಆ ಮಂದಿರಕ್ಕೆ ಗ್ರಾನೈಟು ಹಾಸಿ ಕಬ್ಬಿಣದ ಬಾಗಿಲು ಹಾಕಿದ್ದಾರೆ. ರಾತ್ರಿ ಎಂಟಕ್ಕೆ ಬೀಗ.

ಹಳೆಯ ಕಾರ್ಖಾನೆಗಳ ರೀತಿ ಬೇರೆಯಿತ್ತು. ದೂರವಾಣಿನಗರದ ಐ.ಟಿ.ಐ. (1948), ಜಾಲಹಳ್ಳಿಯ ಎಚ್.ಎಂ.ಟಿ. (1953), ಬಿ.ಇ.ಎಲ್. (1954) ಇವು ಬಂದಾಗ ವಸತಿಗೃಹಗಳೊಡನೆ ಶಾಲೆ, ಮೈದಾನ, ಕನ್ನಡ ಸಂಘಗಳೂ ಬಂದವು. ನವೆಂಬರ್ ತಿಂಗಳಿಡೀ ರಾಜ್ಯೋತ್ಸವದ ಆರ್ಕೆಸ್ಟ್ರಾಗಳು. ಲೇತಿನ ಮುಂದೆ ನಿಂತು ದುಡಿದವನೇ ಸಂಜೆ ಪಿ.ಬಿ. ಶ್ರೀನಿವಾಸರ ಹಾಡು ಹಾಡುತ್ತಿದ್ದ, ಅವನ ಮೇಲಧಿಕಾರಿ ಕೆಳಗೆ ಕುಳಿತು ಕೇಳುತ್ತಿದ್ದ. ಇಂದಿನ ಕಂಪನಿಗಳ ಆವರಣದಲ್ಲಿಯೂ ಸೊಗಸಾದ ಸಭಾಂಗಣಗಳಿರಬಹುದು, ಇಲ್ಲವೆನ್ನಲಾರೆ. ಆದರೆ ಕೊರಳಲ್ಲಿ ಗುರುತಿನ ಚೀಟಿಯಿಲ್ಲದವನಿಗೆ ಅಲ್ಲಿ ಪ್ರವೇಶವಿಲ್ಲ. ಕೆಲಸ ಬದಲಿಸಿದ ದಿನ ಹಾಡುವ ಜಾಗವೂ ಕೈಬಿಟ್ಟು ಹೋಗುತ್ತದೆ.

ಇಷ್ಟೆಲ್ಲ ಬರೆಯಲು ಕಾರಣನಾದ ಹುಡುಗನೊಬ್ಬನಿದ್ದಾನೆ. ನನ್ನ ಹಳೆಯ ವಿದ್ಯಾರ್ಥಿಯ ಮಗ. ತಂದೆ ಈಗ ಅರಕಲಗೂಡಿನ ಕಡೆ ನೆಲೆಸಿದ್ದಾನೆ. ಅಲ್ಲಿಗೆ ಸಮೀಪದಲ್ಲೇ ಕಾವೇರಿಯ ದಡದ ರುದ್ರಪಟ್ಟಣ. ಸಂಗೀತಗಾರರ ಊರೆಂದೇ ಹೆಸರಾದ ಆ ಹಳ್ಳಿಯಲ್ಲಿ ತಂಬೂರಿಯಾಕಾರದ ಮಂದಿರವಿದೆ, ಸಂಗೀತೋತ್ಸವ ನಡೆಯುತ್ತದೆ. ಹುಡುಗ ಅಲ್ಲಿ ಕೇಳಿ ಬೆಳೆದವನು, ಹನ್ನೊಂದು ವರ್ಷ ಮೃದಂಗ ಕಲಿತವನು. ಇಲ್ಲಿ ಮೂರು ಜನರಿರುವ ಪಿ.ಜಿ. ಕೋಣೆಯಲ್ಲಿದ್ದಾನೆ. ಕಳೆದ ಶ್ರಾವಣದಲ್ಲಿ ಮನೆಗೆ ಊಟಕ್ಕೆ ಬಂದಾಗ, “ಏನಪ್ಪ, ಮೃದಂಗ ಹೇಗಿದೆ?” ಎಂದೆ. “ಮಂಚದಡಿ ಇದೆ ಸಾರ್” ಎಂದು ನಕ್ಕ.

ಆಮೇಲೆ ಬಿಡಿಸಿ ಹೇಳಿದ. ಮೃದಂಗದ ಎಡಬದಿಯ ತೊಪ್ಪಿಗೆ ರವೆ ಕಲಸಿ ಹಚ್ಚಬೇಕು, ನುಡಿಸಿಯಾದ ಮೇಲೆ ಕೆರೆದು ತೆಗೆಯಬೇಕು, ಉಳಿದರೆ ಇರುವೆ ಮುತ್ತುತ್ತದೆ. ಜೊತೆಯವರಲ್ಲಿ ಒಬ್ಬನಿಗೆ ರಾತ್ರಿಪಾಳಿ, ಹಗಲು ಮಲಗುತ್ತಾನೆ, ಇನ್ನೊಬ್ಬನಿಗೆ ಹಗಲುಪಾಳಿ. ಮನೆಯ ಮಾಲೀಕರು ಎರಡು ಸಲ ಎಚ್ಚರಿಸಿದರು, ಮೂರನೆಯ ಸಲ ಕೋಣೆ ಬಿಡು ಎಂದರು. ಗಂಟೆಗೆ ಬಾಡಿಗೆಯ ಅಭ್ಯಾಸದ ಕೋಣೆಗಳು ಇವೆಯಂತೆ, ಅವು ತಂಡ ಕಟ್ಟಿಕೊಂಡವರಿಗೆ ಸರಿ, ಒಬ್ಬನಿಗೆ ದುಬಾರಿ. “ಬೆರಳು ಹೋಗ್ತಿದೆ ಸಾರ್, ಇನ್ನೊಂದು ವರ್ಷ ಹೀಗೇ ಇದ್ದರೆ ಮುಗೀತು” ಎಂದ. ಊಟದ ಮಧ್ಯೆ ಬಾಳೆಲೆಯ ಅಂಚಿನ ಮೇಲೆ ಅವನ ಬೆರಳುಗಳು ತಾವಾಗಿಯೇ ಆಡುತ್ತಿದ್ದುದನ್ನು ನನ್ನ ಮನೆಯಾಕೆ ಗಮನಿಸಿ ಆಮೇಲೆ ನನಗೆ ಹೇಳಿದಳು.

ನಗರದೊಳಗೆ ಹೋಗಿ ಕೇಳಬಹುದಲ್ಲ ಎನ್ನುವವರಿಗೆ ಒಂದು ಮಾತು. ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ಶ್ರೀ ರಾಮಸೇವಾ ಮಂಡಲಿ 1939ರಿಂದ ರಾಮನವಮಿಯ ಉತ್ಸವ ನಡೆಸುತ್ತ ಬಂದಿದೆ. ಗಾಯನ ಸಮಾಜ ಹುಟ್ಟಿದ್ದು 1905ರಲ್ಲಿ. ಭೀಮಸೇನ ಜೋಶಿಯವರನ್ನು ನಾನು ಕೋಟೆ ಶಾಲೆಯ ಚಪ್ಪರದ ಹೊರಗೆ, ರಸ್ತೆಬದಿಯಲ್ಲಿ ನಿಂತು ಕೇಳಿದ್ದೇನೆ; ಕಡೆಯ ಬಸ್ಸು ತಪ್ಪಿ ನಂಟರ ಮನೆಯಲ್ಲಿ ಮಲಗಿದ್ದೇನೆ. 2023ರ ಅಕ್ಟೋಬರಿನಿಂದ ವೈಟ್‌ಫೀಲ್ಡಿನಿಂದ ಚಲ್ಲಘಟ್ಟದವರೆಗೆ ಮೆಟ್ರೋ ಓಡುತ್ತಿದೆ, 2025ರ ಆಗಸ್ಟಿನಲ್ಲಿ ಎಲೆಕ್ಟ್ರಾನಿಕ್ ಸಿಟಿಗೂ ಬಂತು. ದೊಡ್ಡ ಉಪಕಾರವೇ. ಆದರೂ ಏಳಕ್ಕೆ ಕಚೇರಿ ಬಿಟ್ಟವನು ಮೆಜೆಸ್ಟಿಕ್‌ನಲ್ಲಿ ಗಾಡಿ ಬದಲಿಸಿ ಅಲ್ಲಿ ಮುಟ್ಟುವಷ್ಟರಲ್ಲಿ ತನಿ ಆವರ್ತನವೂ ಮುಗಿದಿರುತ್ತದೆ. ಅದೂ ಹೋಗಲಿ. ಮೆಟ್ರೋ ಕೇಳುಗನನ್ನು ಕರೆದೊಯ್ಯಬಲ್ಲುದು. ಮೃದಂಗವನ್ನು ಮಂಚದಡಿಯಿಂದ ಹೊರತೆಗೆಯಲಾರದು.

ಇಲ್ಲಿ ಏನೂ ಆಗಿಲ್ಲವೆಂದರೆ ಅನ್ಯಾಯವಾದೀತು. ರಾಮಗೊಂಡನಹಳ್ಳಿಯಲ್ಲಿ 2011ರಲ್ಲಿ ತೆರೆದ ‘ಜಾಗೃತಿ’ ಇನ್ನೂರು ಆಸನಗಳ ಒಳ್ಳೆಯ ರಂಗಮಂದಿರ. ಅದು ಮುಖ್ಯವಾಗಿ ನಾಟಕಕ್ಕಾಗಿ ಕಟ್ಟಿದ್ದು, ಪಳಗಿದವರ ವೇದಿಕೆ. ಇನ್ನೂ ತಡವರಿಸುತ್ತಿರುವವರ ಜಾಗ ಅದಲ್ಲ.

ಕೋಟೆ ಶಾಲೆಯ ನೆನಪಿನಲ್ಲಿಯೇ ನನಗೊಂದು ಯೋಚನೆ ಹೊಳೆಯಿತು. ಅದೂ ಶಾಲೆಯ ಮೈದಾನವೇ ಅಲ್ಲವೇ? ನಮ್ಮ ಸರ್ಕಾರಿ ಶಾಲೆಗಳಲ್ಲಿ ಪ್ರಾರ್ಥನೆಯ ಹಜಾರಗಳಿವೆ. ಶನಿವಾರ ಮಧ್ಯಾಹ್ನದ ಮೇಲೆ ಅಲ್ಲಿ ಪಾರಿವಾಳಗಳಲ್ಲದೆ ಯಾರೂ ಇರುವುದಿಲ್ಲ. ನಮ್ಮ ಮನೆಗೆ ಹತ್ತಿರದ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿಯವರನ್ನು ಕಂಡು ಮಾತನಾಡಿದೆ. ಅವರಿಗೆ ಮನಸ್ಸಿದೆ, ಭಯವೂ ಇದೆ. ಬೀಗದ ಕೈ ಯಾರ ಬಳಿ, ಕರೆಂಟು ಯಾರ ಲೆಕ್ಕ, ಕಸ ಗುಡಿಸುವವರು ಯಾರು, ಇಂದು ಸಂಗೀತವೆಂದು ಬಂದವರು ನಾಳೆ ಯಾವ ಪಕ್ಷದ ಬ್ಯಾನರು ಕಟ್ಟುವರೋ... ಎಲ್ಲವೂ ನ್ಯಾಯವಾದ ಪ್ರಶ್ನೆಗಳೇ. ಶಾಲಾಭಿವೃದ್ಧಿ ಸಮಿತಿಯವರೊಡನೆ ಎರಡು ಸಲ ಕುಳಿತೆವು. ಬೀಗದ ಕೈ ನನ್ನ ಬಳಿ, ಗುಡಿಸುವುದು ಹಾಡಿದವರ ಪಾಲಿಗೆ ಎಂದಾಯಿತು. ಧ್ವನಿವರ್ಧಕ ಬೇಡವೇ ಬೇಡ ಎಂದು ನಾನೇ ಪಟ್ಟು ಹಿಡಿದೆ. 2000ದ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ ಹತ್ತರವರೆಗೆ ಅನುಮತಿ ಪಡೆದು ಬಳಸಬಹುದಾದರೂ, ನೆರೆಯವರ ಸಹನೆ ಕಾಯಿದೆಗಿಂತ ಬೇಗ ಮುಗಿಯುತ್ತದೆ. ವೀಣೆಗೂ ಮೃದಂಗಕ್ಕೂ ಆ ಹಜಾರದಲ್ಲಿ ಅದರ ಅಗತ್ಯವಿಲ್ಲ. ಗಿಟಾರಿನವರೂ ಬರಲಿ, ತಂತಿ ಸಿಕ್ಕಿಸದೆ ನುಡಿಸಲಿ. ಮುಖ್ಯ ಅತಿಥಿ, ಹಾರ, ಸ್ವಾಗತ ಭಾಷಣ ಯಾವುದೂ ಇಲ್ಲ. (ನಾನೂ ಮಾತನಾಡುವುದಿಲ್ಲ, ನಂಬಿ.)

ಸದ್ಯಕ್ಕೆ ಮೂರು ತಿಂಗಳ ಮಟ್ಟಿಗೆ, ತಿಂಗಳ ಎರಡನೆಯ ಶನಿವಾರ ಸಂಜೆ ಐದೂವರೆಯಿಂದ ಎಂಟರವರೆಗೆ ಒಪ್ಪಿಗೆ ಸಿಕ್ಕಿದೆ. ಹುಡುಗ ತೊಪ್ಪಿಯನ್ನು ಹೊಸದಾಗಿ ಕಟ್ಟಿಸಲು ಕೊಟ್ಟಿದ್ದಾನೆ. ಎಲೆಕ್ಟ್ರಾನಿಕ್ ಸಿಟಿಯಿಂದ ನನ್ನ ಶಿಷ್ಯೆಯೊಬ್ಬಳು ವೀಣೆ ತರುವುದಾಗಿ ಹೇಳಿದ್ದಾಳೆ, ಅವಳು ಹಿಂದಿರುಗುವಾಗ ಮೆಟ್ರೋ ನಿಲ್ದಾಣದವರೆಗೆ ಜೊತೆಗೆ ಹೋಗುವವರು ಬೇಕು. ಶಾಲೆಯ ಚಾಪೆಗಳು ಹರಿದಿವೆ. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಜಮಖಾನೆ ಇದ್ದರೆ ಶುಕ್ರವಾರದೊಳಗೆ ನಮ್ಮ ಮನೆಗೆ ತಲುಪಿಸಿ.