ಲೇಹದ ದಾರಿಗೆ ಗಂಟುಮೂಟೆ

ಹಿಮಾಚಲ ಪ್ರದೇಶದ ಲಾಹೌಲ್ ಸೀಮೆಯಲ್ಲಿ ಚಂದ್ರಾ ಮತ್ತು ಭಾಗಾ ಎಂಬ ಎರಡು ನದಿಗಳು ಕೂಡುವ ತಾಣಕ್ಕೆ ತಾಂಡಿ ಎಂದು ಹೆಸರು. ಬಾರಾಲಾಚಾ ಎಂಬ ಒಂದೇ ಬೆಟ್ಟದ ಕಂಡಿಯ ಎರಡು ಮಗ್ಗುಲುಗಳಲ್ಲಿ ಹುಟ್ಟಿ, ಬೇರೆ ಬೇರೆ ದಿಕ್ಕು ಹಿಡಿದು ಬಹುದೂರ ಅಲೆದು ಬಂದ ಈ ಅಕ್ಕತಂಗಿಯರು ಇಲ್ಲಿ ಒಂದಾಗಿ ಚಂದ್ರಭಾಗೆಯಾಗುತ್ತಾರೆ. ಮುಂದೆ ಇದೇ ಚೀನಾಬ್. ನಿಸರ್ಗಪ್ರಿಯರು ಸಂಗಮವನ್ನು ನೋಡುತ್ತ ಮೈಮರೆಯಬಹುದು. ಮೋಟಾರ್ ಸೈಕಲ್ ಏರಿ ಬಂದವರ ದೃಷ್ಟಿ ಮಾತ್ರ ಮೊದಲು ಹರಿಯುವುದು ಅಲ್ಲಿನ ಪೆಟ್ರೋಲ್ ಬಂಕಿನ ಕಡೆಗೆ. ಮುಂದಿನ ಬಂಕು 365 ಕಿಲೋಮೀಟರ್ ದೂರದಲ್ಲಿದೆಯೆಂದು ಸಾರುವ ಹಲಗೆಯೊಂದು ಬಹುಕಾಲ ಅಲ್ಲಿ ನಿಂತಿದ್ದು, ಅದರ ಪಕ್ಕದಲ್ಲಿ ಭಾವಚಿತ್ರ ತೆಗೆಸಿಕೊಳ್ಳದೆ ಮುಂದೆ ಸಾಗಿದ ಸವಾರರೇ ವಿರಳವೆನ್ನುವಷ್ಟು ಪ್ರಸಿದ್ಧವಾಯಿತು. ವರ್ಷಕ್ಕೆ ಎಷ್ಟು ದಿನಗಳೋ ಅಷ್ಟು ಕಿಲೋಮೀಟರು!

ಈಗ ಲೇಹಕ್ಕೆ ಸ್ವಲ್ಪ ಮುಂಚೆ, ಕಾರು ಎಂಬ ಊರಿನಲ್ಲಿ ಬಂಕು ಉಂಟು. ದಾರಿಯ ಡೇರೆಗಳಲ್ಲಿ ಬಾಟಲಿಯಲ್ಲಿ ತುಂಬಿಟ್ಟ ಪೆಟ್ರೋಲು ದುಬಾರಿ ಬೆಲೆಗೆ ಸಿಕ್ಕರೂ ಸಿಗಬಹುದು. ಆದರೆ ಸಿಕ್ಕರೂ ಸಿಗಬಹುದಾದ ವಸ್ತುವನ್ನು ನಂಬಿ ಈ ದಾರಿ ಹಿಡಿಯುವವನನ್ನು ಧೈರ್ಯವಂತನೆನ್ನುವುದು ಕಷ್ಟ. ಲೆಕ್ಕವೇನೋ ಸುಲಭವಾದದ್ದೇ. 350 ಸಿಸಿ ಬುಲೆಟ್ಟಿನ ಟ್ಯಾಂಕು ಹಿಡಿಯುವುದು ಸುಮಾರು 13 ಲೀಟರು. ಹೊರೆ ಹೊತ್ತು ಏರುದಾರಿಯಲ್ಲಿ ಲೀಟರಿಗೆ 30 ಕಿಲೋಮೀಟರ್ ಓಡಿದರೆ 390 ಆಯಿತು, ಮಿಕ್ಕದ್ದು 25. ಕಾಗದದ ಮೇಲೆ ಸಾಕು. ಭೂಕುಸಿತದಿಂದ ಹಿಂದಿರುಗಿ ಬರಬೇಕಾದರೆ, ಲಾರಿಗಳ ಸಾಲಿನ ಹಿಂದೆ ಒಂದನೆಯ ಗೇರಿನಲ್ಲೇ ಗಂಟೆಗಟ್ಟಲೆ ತೆವಳಬೇಕಾದರೆ ಸಾಲದು. ಆದುದರಿಂದಲೇ ಅನುಭವಸ್ಥರು ಐದು ಲೀಟರಿನ ತಗಡಿನ ಡಬ್ಬಿಯೊಂದನ್ನು ಹೊತ್ತೇ ಹೊರಡುತ್ತಾರೆ.

ಮನಾಲಿಯಿಂದ ಲೇಹಕ್ಕೆ ಹಿಂದೆ ಸುಮಾರು 480 ಕಿಲೋಮೀಟರ್ ದಾರಿ. 2020ರ ಅಕ್ಟೋಬರ್ 3ರಂದು 9 ಕಿಲೋಮೀಟರ್ ಉದ್ದದ ಅಟಲ್ ಸುರಂಗ ತೆರೆದ ಮೇಲೆ ಅದರಲ್ಲಿ 46 ಕಿಲೋಮೀಟರ್ ಕಡಿಮೆಯಾಯಿತು. ರೋಹತಾಂಗದ ಕೆಸರು, ಮಂಜು, ವಾಹನಗಳ ಜಾತ್ರೆ ತಪ್ಪಿತು. ಆದರೂ ಬಾರಾಲಾಚಾ, ನಕೀ, ಲಾಚುಲುಂಗ್, ತಂಗ್ಲಾಂಗ್ ಎಂಬ ನಾಲ್ಕು ಕಂಡಿಗಳು ಉಳಿದೇ ಇವೆ. ಕಡೆಯದು ಸಮುದ್ರಮಟ್ಟದಿಂದ 5,328 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ಮೇಲೆ ಇನ್ನೂ ಒಂದೂಮುಕ್ಕಾಲು ಮುಳ್ಳಯ್ಯನಗಿರಿಯನ್ನು ಪೇರಿಸಿದರೆ ಆ ಎತ್ತರ ಮುಟ್ಟೀತು. ಚಳಿಗಾಲದಲ್ಲಿ ಹಿಮ ಮುಚ್ಚುವ ಈ ದಾರಿ ಸಾಮಾನ್ಯವಾಗಿ ಬೇಸಗೆಯಿಂದ ಅಕ್ಟೋಬರಿನವರೆಗೆ ಮಾತ್ರ ಸವಾರರಿಗೆ ಒದಗುತ್ತದೆ.

ಬೆಂಗಳೂರಿನಿಂದ ಲೇಹಕ್ಕೆ 3,000 ಕಿಲೋಮೀಟರಿಗೂ ಹೆಚ್ಚು ಅಂತರ. ರಜೆ ಕಡಿಮೆಯಿರುವವರು ಗಾಡಿಯನ್ನು ದೆಹಲಿಗೋ ಚಂಡೀಗಢಕ್ಕೋ ರೈಲಿನಲ್ಲಿ ಕಳುಹಿಸಿಬಿಡುತ್ತಾರೆ. ಆಗ ಮೊದಲು ಗಂಟು ಕಟ್ಟಬೇಕಾದದ್ದು ಗಾಡಿಯನ್ನೇ. ಟ್ಯಾಂಕಿನ ಪೆಟ್ರೋಲನ್ನು ಬರಿದುಮಾಡಿ, ಕನ್ನಡಿಗಳನ್ನು ಬಿಚ್ಚಿ, ಹುಲ್ಲು ಗೋಣಿಗಳನ್ನು ಸುತ್ತಿ ಹೊಲಿದಾಗ, ನಿನ್ನೆಯವರೆಗೆ ಬೀದಿ ನಡುಗಿಸುತ್ತಿದ್ದ ಬುಲೆಟ್ಟು ಗಾಯಗೊಂಡ ಸಿಪಾಯಿಯಂತೆ ಪಾರ್ಸೆಲ್ ಕಛೇರಿಯ ಗೋಡೆಗೊರಗಿ ನಿಲ್ಲುತ್ತದೆ.

ಇತ್ತ ಮನೆಯ ನಡುಮನೆಯಲ್ಲಿ ನಡೆಯುವ ಸಿದ್ಧತೆಯದೇ ಬೇರೆ ಕಥೆ. ಬಸವನಗುಡಿಯ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಮಗ ಚಾಪೆಯ ಮೇಲೆ ತನ್ನ ಸಾಮಾನು ಹರವಿಕೊಂಡು ಕುಳಿತಿದ್ದಾನೆ: ಕ್ಲಚ್ ಕೇಬಲ್ಲು, ಆಕ್ಸಿಲರೇಟರ್ ಕೇಬಲ್ಲು, ಹಿಂದಿನ ಮುಂದಿನ ಚಕ್ರಗಳ ಟ್ಯೂಬು, ಪಂಕ್ಚರ್ ಹಾಕುವ ಸರಂಜಾಮು, ಗಾಳಿ ಹೊಡೆಯುವ ಪಂಪು, ಸ್ಪಾರ್ಕ್ ಪ್ಲಗ್ಗು, ಬಲ್ಬು, ಫ್ಯೂಸು, ಚೈನಿನ ಕೊಂಡಿ, ಸ್ಪ್ಯಾನರುಗಳು. ಎದುರಿಗೆ ತಾಯಿ ಅಡುಗೆಮನೆಯಿಂದ ಒಂದೊಂದಾಗಿ ಡಬ್ಬಿ ತಂದಿಡುತ್ತಿದ್ದಾರೆ.

"ಇದೊಂದು ಇಟ್ಟುಕೋ ಮಗು, ಏನು ಮಹಾ ಭಾರ?"

"ಅಮ್ಮಾ, ಇದೊಂದು ಇದೊಂದು ಅಂತ ಏಳು ಡಬ್ಬಿ ತಂದಿಟ್ಟಿದೀಯ."

"ಹಾಗಾದರೆ ಆ ಕಬ್ಬಿಣದ ಸಾಮಾನು ತೆಗಿ. ಅದನ್ನ ತಿನ್ನೋಕಾಗತ್ತಾ?"

ಈ ವಾದದಲ್ಲಿ ತಾಯಿಯ ಪಕ್ಷವೇ ಪೂರ್ತಿ ತಪ್ಪೆಂದು ತಿಳಿಯಬೇಕಾಗಿಲ್ಲ. ಎತ್ತರ ಹೆಚ್ಚಿದಂತೆ ನೀರು ಕಡಿಮೆ ಶಾಖದಲ್ಲೇ ಕುದಿಯತೊಡಗುತ್ತದೆ. 4,600 ಮೀಟರ್ ಎತ್ತರದ ಪಾಂಗ್ ಎಂಬ ಬಿಡಾರದಲ್ಲಿ ಸುಮಾರು 85 ಡಿಗ್ರಿಗೇ ನೀರು ಕುದಿದು ಆವಿಯಾಗುವುದರಿಂದ, ಕುಕ್ಕರಿಲ್ಲದೆ ಅಕ್ಕಿ ಬೇಯಿಸಹೊರಟವನಿಗೆ ದೊರೆಯುವುದು ಬಿಸಿಯಾದ ಅಕ್ಕಿಯೇ ಹೊರತು ಅನ್ನವಲ್ಲ. ಬೇಯಿಸದೆ ತಿನ್ನಬಹುದಾದ ಹುರಿಹಿಟ್ಟು, ಗೊಜ್ಜವಲಕ್ಕಿಯ ಪುಡಿ, ಕೊಬ್ಬರಿ ಮಿಠಾಯಿ, ಕಡಲೆಬೀಜ ಬೆಲ್ಲಗಳ ಮುಂದೆ ಪೇಟೆಯ ತಿಂಡಿ ಯಾವ ಲೆಕ್ಕ? ಲಡಾಖಿನವರೂ ಹುರಿದ ಜವೆಗೋಧಿಯ ಹಿಟ್ಟನ್ನೇ ಕಲಸಿ ತಿಂದು ಬದುಕಿದವರು. ಡಬ್ಬಿಯ ವಿಷಯದಲ್ಲಿ ಒಂದು ಎಚ್ಚರಿಕೆ ಮಾತ್ರ ಬೇಕು. ಬೆಂಗಳೂರಿನ 920 ಮೀಟರ್ ಎತ್ತರದಲ್ಲಿ ಬಿಗಿಯಾಗಿ ಮುಚ್ಚಿದ ಒಳಗಿನ ಗಾಳಿ, ಹೊರಗಿನ ಒತ್ತಡ ಕಡಿಮೆಯಾದಂತೆ ಹಿಗ್ಗುತ್ತದೆ. ಬಿಸ್ಕತ್ತಿನ ಪೊಟ್ಟಣ ದಿಂಬಿನಂತೆ ಉಬ್ಬುತ್ತದೆ. ಚಟ್ನಿಪುಡಿಯ ಮುಚ್ಚಳ ತೆರೆದ ಕ್ಷಣ ಪುಡಿ ಮುಖಕ್ಕೇ ಹಾರೀತು.

ಇನ್ನು ಕಬ್ಬಿಣದ ಸಾಮಾನು. ತಾಂಡಿಯ ಆಚೆ ಗಾಡಿ ಕೆಟ್ಟರೆ ಸವಾರನೇ ಮೇಸ್ತ್ರಿ. ಕ್ಲಚ್ ಕೇಬಲ್ಲನ್ನು ಚೀಲದಲ್ಲಿಡುವುದಕ್ಕಿಂತ, ಹಳೆಯದರ ಜೊತೆಜೊತೆಗೇ ಹೊಸದನ್ನೂ ಮೊದಲೇ ಹಾಯಿಸಿ ಟೇಪು ಸುತ್ತಿಡುವುದು ಜಾಣತನ. ಹರಿದಾಗ ಎರಡು ತುದಿಗಳನ್ನು ಸಿಕ್ಕಿಸಿದರಾಯಿತು, ಮರಗಟ್ಟಿದ ಬೆರಳುಗಳಿಂದ ಟ್ಯಾಂಕು ಬಿಚ್ಚುವ ಫಜೀತಿಯಿಲ್ಲ. ಟ್ಯಾಂಕು ಕಲ್ಲಿಗೆ ತಾಗಿ ಸೋರಿದರೆ ಬಟ್ಟೆ ಒಗೆಯುವ ಸೋಪನ್ನು ತಿಕ್ಕಿ ತಾತ್ಕಾಲಿಕವಾಗಿ ತಡೆಯಬಹುದು, ಏಕೆಂದರೆ ಸೋಪು ಪೆಟ್ರೋಲಿನಲ್ಲಿ ಕರಗದು. ಕಟ್ಟುವುದಕ್ಕೆ ಹಳೆಯ ಸೈಕಲ್ ಟ್ಯೂಬನ್ನು ಸೀಳಿ ಮಾಡಿದ ಪಟ್ಟಿಯಷ್ಟು ನಂಬಿಕೆಯ ವಸ್ತು ಇನ್ನೊಂದಿಲ್ಲ. ಮೈಸೂರಿನವರಿಗೆ ಇವೆಲ್ಲ ಹೊಸ ಪಾಠವಲ್ಲ. 1961ರಿಂದ 1996ರವರೆಗೆ ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಜಾವಾ, ಯೆಜ್ಡಿ ಗಾಡಿಗಳನ್ನು ಸಾಕಿದ ಮನೆಗಳಲ್ಲಿ ಪ್ಲಗ್ಗು ತಿಕ್ಕುವ ಉಪ್ಪುಕಾಗದ ಮತ್ತು ಪೆಟ್ರೋಲಿಗೆ ಬೆರೆಸುವ ಎಣ್ಣೆಯ ಶೀಷೆ ದೇವರ ಮನೆಯ ಬತ್ತಿ ಎಣ್ಣೆಯಷ್ಟೇ ನಿತ್ಯದ ಸಾಮಗ್ರಿಯಾಗಿದ್ದವು.

ಎಷ್ಟು ಹೊತ್ತರೂ ಏನೋ ಒಂದು ಮರೆಯುವುದು ಮನುಷ್ಯಸಹಜ. 1934ರ ಡಿಸೆಂಬರಿನಲ್ಲಿ ಲಂಡನ್ನಿನಿಂದ ಹೊರಟು ಸಹಾರಾ ಮರುಭೂಮಿಯನ್ನು ಹಾಯ್ದು 1935ರಲ್ಲಿ ಕೇಪ್‌ಟೌನ್ ತಲುಪಿದ ಥೆರೇಸಾ ವಾಲಕ್ ಮತ್ತು ಫ್ಲಾರೆನ್ಸ್ ಬ್ಲೆಂಕಿರನ್ ಎಂಬ ವೀರವನಿತೆಯರ 600 ಸಿಸಿ ಪ್ಯಾಂಥರ್ ಗಾಡಿಗೆ ಪಕ್ಕದಲ್ಲೊಂದು ಸೈಡ್‌ಕಾರು, ಹಿಂದೊಂದು ಟ್ರೈಲರು. ಅಷ್ಟೆಲ್ಲ ಸಾಮಾನಿನ ನಡುವೆ ಒಂದು ದಿಕ್ಸೂಚಿ ಇರಲಿಲ್ಲ! ಆದರೂ ತಲುಪಿದರು.

ಏನನ್ನು ಒಯ್ಯಬೇಕೆಂಬುದಕ್ಕಿಂತ ಎಲ್ಲಿ ಕಟ್ಟಬೇಕೆಂಬುದು ದೊಡ್ಡ ವಿದ್ಯೆ. ಭಾರವನ್ನೆಲ್ಲ ಹಿಂದಿನ ಚಕ್ರದ ಅಚ್ಚಿಗಿಂತ ಹಿಂದಕ್ಕೆ, ಎತ್ತರವಾಗಿ ಪೇರಿಸಿದರೆ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ಲು ಅಲುಗತೊಡಗುತ್ತದೆ. ಸಪಾಟಾದ ಹೆದ್ದಾರಿಯಲ್ಲಿ ಗೊತ್ತಾಗದ ಈ ದೋಷ, ಹಿಮ ಕರಗಿ ರಸ್ತೆಯ ಮೇಲೆ ಹರಿಯುವ ಹಳ್ಳದ ನುಣುಪುಗಲ್ಲುಗಳ ನಡುವೆ ಸವಾರನನ್ನು ಉರುಳಿಸಿಬಿಡುತ್ತದೆ. ಕಬ್ಬಿಣದ ಸಾಮಾನು ಕೆಳಗೆ, ಮೈಗೆ ಹತ್ತಿರ, ಬಟ್ಟೆಬರೆ ಮೇಲೆ, ಎಡಬಲಗಳ ತೂಕ ತಕ್ಕಡಿಯಂತೆ ಸಮ. ಸೈಲೆನ್ಸರಿನ ಮಗ್ಗುಲಿನ ಚೀಲ ಅದಕ್ಕೆ ತಾಗದಂತೆ ಇರಬೇಕು, ಇಲ್ಲವಾದರೆ ರಾತ್ರಿ ಬಿಡಾರ ಸೇರುವ ಹೊತ್ತಿಗೆ ಸ್ವೆಟರಿನಲ್ಲೊಂದು ಕಿಟಕಿ ತೆರೆದಿರುತ್ತದೆ. ಅಂದಹಾಗೆ ಆ ಹಳ್ಳಗಳನ್ನು ಬೆಳಗಿನ ಜಾವದಲ್ಲೇ ದಾಟಬೇಕು. ಬಿಸಿಲೇರಿದಂತೆ ಹಿಮ ಕರಗಿ, ಬೆಳಿಗ್ಗೆ ಪಾದ ಮುಳುಗಿಸಿದ ನೀರು ಮಧ್ಯಾಹ್ನಕ್ಕೆ ಮೊಣಕಾಲು ಮುಟ್ಟುತ್ತದೆ.

ಬಟ್ಟೆಯ ವಿಷಯಕ್ಕೆ ಹೆಚ್ಚು ಮಾತು ಬೇಡ. ದಪ್ಪನೆಯದೊಂದಕ್ಕಿಂತ ತೆಳ್ಳನೆಯವು ಮೂರು ಲೇಸು; ಮಳೆಯಂಗಿ ಎಲ್ಲಕ್ಕಿಂತ ಮೇಲಿರಲಿ; ಎರಡು ಜೊತೆ ಕೈಗವಸು. ಚಳಿಗಾಳಿ ಎದೆಗೆ ನಾಟಿದಾಗ ಕೋಟಿನೊಳಗೆ ಹಳೆಯ ಪತ್ರಿಕೆಯ ಹಾಳೆಗಳನ್ನು ಹರಡಿಕೊಳ್ಳುವುದು ಹಳಬರ ಉಪಾಯ. ಧಾರಾವಾಹಿಯ ಕಂತು ಓದಿ ಮುಗಿಸಿದ ಮೇಲೂ ವಾರಪತ್ರಿಕೆ ಹೀಗೆ ಎದೆಗೆ ಹತ್ತಿರವಾಗಬಹುದೆಂದು ವಾಚಕರು ಗಮನಿಸಬೇಕು.

ಬಸವನಗುಡಿಯ ಆ ಮನೆಯಲ್ಲಿ ತಂದೆ ಇಷ್ಟು ಹೊತ್ತೂ ಆರಾಮಕುರ್ಚಿಯಿಂದ ಏಳದೆ ಕೇಳುತ್ತಿದ್ದವರು, ಮಗ ಬರೆದಿಟ್ಟ ದಿನಚರಿಯ ಹಾಳೆಯನ್ನು ಕೈಗೆತ್ತಿಕೊಳ್ಳುತ್ತಾರೆ. ಮೊದಲ ರಾತ್ರಿ ಮನಾಲಿ, ಎರಡನೆಯ ರಾತ್ರಿ ಸರ್ಚು, ಮೂರನೆಯ ರಾತ್ರಿ ಲೇಹ. ಮನಾಲಿಯ ಎತ್ತರ ಸುಮಾರು 2,050 ಮೀಟರ್. ಸರ್ಚುವಿನದು ಹತ್ತಿರ ಹತ್ತಿರ 4,300. ಒಂದೇ ಹಗಲಿನಲ್ಲಿ ಎರಡು ಸಾವಿರದ ಮೇಲೆ ಏರಿ ಅಲ್ಲೇ ಮಲಗುವ ಏರ್ಪಾಡು! 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದೆಂದು ವೈದ್ಯರು ಹೇಳುತ್ತಾರೆ. ತಂಗ್ಲಾಂಗ್ ಕಂಡಿಯಲ್ಲಿ ಗಾಳಿಯ ಒತ್ತಡ ಸಮುದ್ರತೀರದಲ್ಲಿರುವುದರ ಅರ್ಧದಷ್ಟು. ಪ್ರತಿ ಉಸಿರಿಗೂ ಪ್ರಾಣವಾಯು ಅರ್ಧದಷ್ಟೇ. ಎಂಜಿನ್ನೇ ಏದುಸಿರು ಬಿಡುವಲ್ಲಿ ಮನುಷ್ಯನ ಪಾಡೇನು? ತಲೆನೋವು, ವಾಕರಿಕೆ, ನಿದ್ರೆಯಿಲ್ಲದಿರುವುದು ಮೊದಲ ಸೂಚನೆಗಳು. ಅವನ್ನು ಕಡೆಗಣಿಸಿ ಏರುತ್ತಲೇ ಹೋದರೆ ಶ್ವಾಸಕೋಶದಲ್ಲಿ ನೀರು ತುಂಬುವುದೂ ಮಿದುಳು ಬಾಯುವುದೂ ಉಂಟು. ಗಂಟೆಗಳಲ್ಲಿ ಪ್ರಾಣ ಹೋಗುವುದೂ ಉಂಟು. ಗಟ್ಟಿಮುಟ್ಟಾದ ತರುಣನೆಂದು ಆ ಎತ್ತರ ರಿಯಾಯಿತಿ ತೋರಿಸುವುದಿಲ್ಲ.

ಇದಕ್ಕೆ ಮುಖ್ಯ ಚಿಕಿತ್ಸೆ ಕೆಳಗಿಳಿಯುವುದು. ಈ ದಾರಿಯ ಕ್ರೌರ್ಯವಿರುವುದು ಅಲ್ಲಿಯೇ. ಪಾಂಗಿನಲ್ಲಿ ನಡುರಾತ್ರಿ ಉಸಿರು ಕಟ್ಟಿದವನು ಲೇಹದ ಕಡೆಗೆ ಇಳಿಯಬೇಕಾದರೆ ಮೊದಲು ತಂಗ್ಲಾಂಗವನ್ನು ಹತ್ತಬೇಕು; ಮನಾಲಿಯ ಕಡೆಗೆ ಇಳಿಯಬೇಕಾದರೆ 5,065 ಮೀಟರಿನ ಲಾಚುಲುಂಗನ್ನು ಹತ್ತಬೇಕು. ಸರ್ಚುವಿನಿಂದ ಹಿಂದಿರುಗುವವನಿಗೂ ನಡುವೆ ಬಾರಾಲಾಚಾ ಅಡ್ಡ. ಇಳಿಯಲು ಏರಲೇಬೇಕಾದ ಬೋನು ಅದು. ಪಾಂಗಿನ ಸೈನ್ಯದ ಬಿಡಾರದಲ್ಲಿ ಆಮ್ಲಜನಕ ಪಡೆದು ಬದುಕಿ ಬಂದವರು ಅನೇಕರಿದ್ದಾರೆ.

ತಂದೆಗೆ ಈ ಭೂಗೋಳವೆಲ್ಲ ಗೊತ್ತಿರಬೇಕಾಗಿಲ್ಲ. ಅವರು ಎತ್ತರಗಳನ್ನು ಕೂಡಿ ಕಳೆದು ನೋಡಿದರೆ ಸಾಕು. "ಎರಡು ಷರಾಯಿ ಬಿಟ್ಟು ಹೋಗು, ಎರಡು ದಿನ ಹೆಚ್ಚಿಗೆ ತೊಗೊಂಡು ಹೋಗು" ಎಂದು ಅವರು ಹಾಳೆಯನ್ನು ಹಿಂದಕ್ಕೆ ಕೊಟ್ಟರೆ, ಆ ಮನೆಯಲ್ಲಿ ಅಂದು ಆಡಿದ ಮಾತುಗಳಲ್ಲಿ ಅದಕ್ಕಿಂತ ಬೆಲೆಯುಳ್ಳದ್ದು ಇನ್ನೊಂದಿರಲಾರದು. ಮನಾಲಿಯಲ್ಲಿ ಒಂದು ದಿನ ಹೆಚ್ಚು, 3,200 ಮೀಟರಿನ ಜಿಸ್ಪಾದಲ್ಲಿ ಎರಡು ರಾತ್ರಿ, ಅನಂತರ ಸರ್ಚು. ಇದರಿಂದಲೂ ವೈದ್ಯರ ಸೂತ್ರ ಪೂರ್ತಿ ಪಾಲನೆಯಾಗುವುದಿಲ್ಲ, ಆದರೆ ಅಪಾಯ ತಗ್ಗುತ್ತದೆ. ಇನ್ನೂ ಸಮಯವಿದ್ದವರು ಶ್ರೀನಗರ, ಕಾರ್ಗಿಲ್‌ಗಳ ಮೂಲಕ ನಿಧಾನವಾಗಿ ಏರಿ ಲೇಹ ಸೇರಿ, ದೇಹ ಒಗ್ಗಿದ ಮೇಲೆ ಮನಾಲಿಯ ದಾರಿಯಲ್ಲಿ ಇಳಿದು ಬರುತ್ತಾರೆ. ಗುಳಿಗೆಗಳನ್ನು ಒಯ್ಯುವುದಾದರೆ ಮೊದಲೇ ವೈದ್ಯರನ್ನು ಕೇಳಬೇಕು. ಅವು ದಿನಗಳ ಬದಲಿಗೆ ಸಲ್ಲುವ ನಾಣ್ಯಗಳಲ್ಲ.

ಸರ್ಚು ದಾಟಿದ ಮೇಲೆ ಗಾಟಾ ಸುತ್ತುಗಳು. ಒಂದೇ ಬೆಟ್ಟದ ಮೈಮೇಲೆ 21 ಹೇರ್‌ಪಿನ್ ತಿರುವುಗಳು. ಅಲ್ಲಿ ಒಂದು ತಿರುವಿನ ಪಕ್ಕದಲ್ಲಿ ನೀರಿನ ಬಾಟಲಿಗಳ ರಾಶಿ ಕಾಣುತ್ತದೆ, ಕಸವಲ್ಲ, ಕಾಣಿಕೆ. ಹಿಮ ಬಿದ್ದು ದಾರಿ ಮುಚ್ಚುವ ಕಾಲದಲ್ಲಿ ಅಲ್ಲೊಂದು ಲಾರಿ ಕೆಟ್ಟು ನಿಂತಿತಂತೆ. ಡ್ರೈವರು ಸಹಾಯ ತರಲು ಹೋದ. ಲಾರಿ ಕಾಯಲು ಉಳಿದ ಕ್ಲೀನರು, ಸಹಾಯ ಬರುವಷ್ಟರಲ್ಲಿ ಹಸಿವು ಬಾಯಾರಿಕೆ ಚಳಿಗಳಿಂದ ತೀರಿಕೊಂಡನಂತೆ. ಆಮೇಲೆ ಹಾದುಹೋಗುವವರನ್ನು ನೀರು ಕೇಳುವ ಆಕೃತಿಯೊಂದು ಕಾಣಿಸತೊಡಗಿತೆಂದು ಲಾರಿಯವರ ನಂಬಿಕೆ. ಭೂತವನ್ನು ನಂಬದ ಪದವೀಧರ ಸವಾರರೂ ಅಲ್ಲಿ ಗಾಡಿ ನಿಲ್ಲಿಸಿ, ಅಳೆದು ಸುರಿದು ಹೊತ್ತು ತಂದ ಸಾಮಾನಿನಿಂದ ಒಂದು ಬಾಟಲಿ ನೀರನ್ನು ತೆಗೆದು ಇಟ್ಟುಹೋಗುತ್ತಾರೆ. ಗ್ರಾಂ ಲೆಕ್ಕದಲ್ಲಿ ಹೊರೆ ಇಳಿಸಿದವರು ಈ ಒಂದು ಬಾಟಲಿಯನ್ನು ಮಾತ್ರ ಮನೆಯಿಂದಲೇ ಲೆಕ್ಕ ಹಿಡಿದು ತರುವುದುಂಟು.

ಪಾಂಗಿನ ಆಚೆ ಮೋರೆ ಬಯಲು. ಮೈಲಿಗಟ್ಟಲೆ ಸಮತಟ್ಟಾದ ನೆಲ, ಗಾಳಿ, ಧೂಳು. ಅಲ್ಲಿ ವೇಗ ಹೆಚ್ಚುತ್ತದೆ, ಕಟ್ಟು ಸಡಿಲವಾದ ಗಂಟುಗಳು ಅಲ್ಲೇ ಕಳಚಿ ಬೀಳುತ್ತವೆ. ದಾರಿಯುದ್ದಕ್ಕೂ ಗಡಿರಸ್ತೆ ಸಂಸ್ಥೆಯ ಕೂಲಿಗಳು ಡಾಂಬರಿನ ಹೊಗೆಯಲ್ಲಿ ನಿಂತಿರುತ್ತಾರೆ. ದೂರದ ಜಾರ್ಖಂಡಿನಿಂದ ಬೇಸಗೆಯ ದುಡಿಮೆಗೆಂದು ಬಂದವರು ಅವರಲ್ಲಿ ಬಹಳ ಮಂದಿ. ತಿಂಗಳುಗಟ್ಟಲೆ ಅದೇ ಎತ್ತರದಲ್ಲಿ ಡೇರೆ ಹಾಕಿ ಬದುಕುವ ಅವರು, ಎರಡೂ ಮಗ್ಗುಲಿಗೆ ಚೀಲಗಳು ನೇತುಬಿದ್ದ ಗಾಡಿ ಹಾದುಹೋಗುವಾಗ ಸಲಿಕೆ ನಿಲ್ಲಿಸಿ ನೋಡುತ್ತಾರೆ. ಕೋಡುಬಳೆಯ ಡಬ್ಬಿ ಖಾಲಿಯಾಗಲು ತಕ್ಕ ಸ್ಥಳ ಅದೇ.

ತಂಗ್ಲಾಂಗವನ್ನಿಳಿದು ಉಪ್ಶಿ ತಲುಪಿದರೆ ಎದುರಿಗೆ ಸಿಂಧೂನದಿ, ಅದರ ದಡದಲ್ಲಿ ಹಸುರು ಜವೆಗೋಧಿಯ ಹೊಲ, ಎಷ್ಟೋ ಹೊತ್ತಿನ ಮೇಲೆ ಕಣ್ಣಿಗೆ ಬೀಳುವ ಮರಗಳು. ಲೇಹದ ಪೇಟೆಯಲ್ಲಿ ಮುದುಕಿಯರು ಒಣಗಿದ ಜರ್ದಾಳು ಹಣ್ಣುಗಳನ್ನು ಹರವಿಕೊಂಡು ರಸ್ತೆಯ ಅಂಚಿನಲ್ಲಿ ಕುಳಿತಿರುತ್ತಾರೆ. ಏಳು ಡಬ್ಬಿಗಳಲ್ಲಿ ಬರಿದಾದ ಒಂದೆರಡಕ್ಕೆ ಅಲ್ಲಿ ಬೇಗನೆ ಕೆಲಸ ದೊರೆಯುತ್ತದೆ.